ಡೋಡೋ ಹಕ್ಕಿಯ ರೂಪಾಯಿ

ಕೊಲ್ಹಾಪುರ ಸೀಮೆಯಲ್ಲಿ, ಹಿರಣ್ಯಕೇಶಿ ನದಿಯ ದಂಡೆಯ ಗಡಹಿಂಗ್ಲಜದಲ್ಲಿ ಹುಟ್ಟಿ ಬೆಳೆದ ನನ್ನಂತಹವರಿಗೆ ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು ಆಗಿರುವುದು ಎಣಿಕೆಗೆ ಬರುವ ವಿಶೇಷವೇ ಅಲ್ಲ. ಅಡುಗೆಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಮೆಣಸಿನಕಾಯಿಯ ಪೇಟೆಯಲ್ಲಿ ಎರಡೂ ಬೆರೆತ ಮೂರನೆಯ ಒಂದು ನುಡಿ; ಹೀಗೆ ದಿನವೊಂದರಲ್ಲಿ ಹತ್ತಾರು ಸಲ ನಾಲಿಗೆಯನ್ನು ತಿರುಗಿಸುತ್ತ ಬಾಳುವುದು ಇಲ್ಲಿಯವರಿಗೆ ಉಸಿರಾಟದಷ್ಟು ಸಹಜ. ಆದರೆ ಅಚ್ಚಿನ ಅಕ್ಷರದ ಮಾತು ಬೇರೆ. ಅಂಗಡಿಯ ಹಲಗೆ, ಬಸ್ಸಿನ ಫಲಕ, ಕಚೇರಿಯ ಪ್ರಕಟಣೆ, ಪಠ್ಯಪುಸ್ತಕ ಇವೆಲ್ಲವೂ ಮರಾಠಿಯ ಬಾಲಬೋಧ ಲಿಪಿಯಲ್ಲಿದ್ದ ನನ್ನ ಬಾಲ್ಯದಲ್ಲಿ, ಸರಕಾರವೇ ಅಚ್ಚುಹಾಕಿ ಕೈಗೆ ಕೊಟ್ಟ ಕನ್ನಡವೆಂದರೆ ಒಂದೇ ಒಂದು ಇತ್ತು. ಅದು ರೂಪಾಯಿಯ ನೋಟಿನ ಮೇಲಿನ ಭಾಷಾಪಟ್ಟಿಯ ನಾಲ್ಕನೆಯ ಸಾಲು. ಬೆಲ್ಲ ಮಾರಿ ಬಂದ ದಿನ ಅಜ್ಜಿ ದೀಪದ ಬೆಳಕಿನಲ್ಲಿ ನೋಟನ್ನು ತೊಡೆಯ ಮೇಲೆ ಹಾಸಿ, ಅಸ್ಸಾಮಿ, ಬಂಗಾಳಿ, ಗುಜರಾತಿ ಸಾಲುಗಳನ್ನು ಬೆರಳಿನಿಂದ ದಾಟಿಸಿ, “ಹತ್ತು ರೂಪಾಯಿಗಳು” ಎಂಬುದನ್ನು ಒಂದೊಂದು ಅಕ್ಷರವಾಗಿ ನನ್ನಿಂದ ಓದಿಸುತ್ತಿದ್ದಳು. ಒತ್ತಕ್ಷರವೆಂಬುದೊಂದು ಉಂಟೆಂದು ನಾನು ಅರಿತದ್ದು ‘ಹತ್ತು’ ಎಂಬ ಆ ಮಾತಿನಲ್ಲಿ. ದೀರ್ಘವನ್ನು ಕಲಿತದ್ದು ‘ರೂಪಾಯಿ’ಯಲ್ಲಿ. ಮರುದಿನ ಆ ಪಠ್ಯಪುಸ್ತಕ ಅಂಗಡಿಗೆ ಹೋಗಿಬಿಡುತ್ತಿತ್ತು.

ನೋಟುಗಳನ್ನು ಕೂಡಿಡುವ ಅಭಿರುಚಿ ನನ್ನಲ್ಲಿ ಅಂಕುರಿಸಿದ್ದು ಆ ದೀಪದ ಬುಡದಲ್ಲಿಯೇ ಎಂದು ಈಗ ಅನಿಸುತ್ತದೆ. ಆದರೆ ಕೂಡಿಸಿದ್ದು ನಮ್ಮ ದೇಶದ ನೋಟುಗಳನ್ನಲ್ಲ, ಹಿಂದೂ ಮಹಾಸಾಗರದ ನಡುವೆ ಆಫ್ರಿಕ ಖಂಡಕ್ಕೆ ಸೇರಿದ ಮಾರಿಷಸ್ ಎಂಬ ಸಣ್ಣ ದ್ವೀಪರಾಷ್ಟ್ರದ ನೋಟುಗಳನ್ನು. ಅದಕ್ಕೆ ಕಾರಣವಾದುದು ಒಂದು ಇಪ್ಪತ್ತೈದು ರೂಪಾಯಿಯ ನೋಟು. ಆ ದ್ವೀಪದಲ್ಲಿ ಮರಾಠಿ ಮಾತನಾಡುವ ಜನರೂ ಉಂಟು. ಕೊಂಕಣದಿಂದಲೂ ಅದರ ನೆರೆಯ ನಾಡುಗಳಿಂದಲೂ ಮುಂಬಯಿ ಬಂದರಿನ ಮೂಲಕ ಹೋದ ಕೂಲಿಗಳ ಸಂತತಿಯವರು ಅವರು. 1970ರಲ್ಲಿ ಮೋಕಾ ಎಂಬಲ್ಲಿ ಸ್ಥಾಪಿತವಾದ ಮಹಾತ್ಮಾ ಗಾಂಧಿ ಸಂಸ್ಥೆಯಲ್ಲಿ ಮರಾಠಿಯನ್ನೂ ಕಲಿಸುತ್ತಾರೆ. ಅಲ್ಲಿಗೆ ಹೋಗಿಬಂದ ನಮ್ಮೂರಿನ ಮರಾಠಿ ಶಿಕ್ಷಕರೊಬ್ಬರು ಜೇಬಿನಲ್ಲಿ ಉಳಿದ ನೋಟನ್ನು ನನ್ನ ಕೈಗಿಟ್ಟು, “ರೂಪಾಯಿಯೇ, ಆದರೆ ನಮ್ಮದಲ್ಲ” ಎಂದರು. ಬೆಳಕಿಗೆ ಹಿಡಿದೆ. ಕಾಗದದ ಒಡಲಿನಿಂದ, ಭೂಮಿಯ ಮೇಲೆ ಎಂದೋ ಅಳಿದುಹೋದ ಡೋಡೋ ಎಂಬ ಹಕ್ಕಿಯ ನೆರಳು ಮೂಡಿಬಂತು. ಅದಕ್ಕಿಂತಲೂ ಹೆಚ್ಚಿನ ವಿಸ್ಮಯವನ್ನು ತಂದದ್ದು ಇಂಗ್ಲಿಷಿನ ಕೆಳಗೆ ಅಚ್ಚಾಗಿದ್ದ ತಮಿಳು ಅಕ್ಷರ, ಅದರ ಕೆಳಗೆ ಇದ್ದ ನಾಗರಿ ಅಕ್ಷರ. ನೋಟಿನ ಭಾಷಾಪಟ್ಟಿಯಿಂದಲೇ ತನ್ನ ಭಾಷೆಯನ್ನು ಕಲಿತವನಿಗೆ ಅಂತಹದೊಂದು ನೋಟನ್ನು ಮತ್ತೆ ಕೆಳಗಿಡುವುದು ಸಾಧ್ಯವಿತ್ತೆ?

ಹಳೆಯ ಹಣದ ವ್ಯಾಮೋಹಕ್ಕೆ ನಮ್ಮ ಈ ಸೀಮೆ ಹೊಸದೇನೂ ಅಲ್ಲ. ಕೊಲ್ಹಾಪುರದಲ್ಲಿ ಪಂಚಗಂಗೆಯ ದಡದ ಬ್ರಹ್ಮಪುರಿ ದಿಬ್ಬದಲ್ಲಿ 1877ರಷ್ಟು ಹಿಂದೆಯೇ ಪ್ರಾಚೀನ ನಾಣ್ಯಗಳು ದೊರೆತುವು. ಸೀಸದ ಆ ಭಾರವಾದ ಬಿಲ್ಲೆಗಳ ಮೇಲೆ ವಿಳಿವಾಯಕುರ ಎಂಬ ಅರಸನ ಹೆಸರಿದ್ದು, ಗ್ರೀಕ್ ಭೂಗೋಳಜ್ಞನಾದ ಟಾಲೆಮಿ ಹೇಳುವ ಬಲಿಯೊಕೂರನು ಇವನೇ ಇರಬೇಕೆಂದು ವಿದ್ವಾಂಸರು ಊಹಿಸಿರುವರು. 1945–46ರಲ್ಲಿ ಪುರಾತತ್ತ್ವಜ್ಞರಾದ ಸಾಂಕಳಿಯಾ ಮತ್ತು ದೀಕ್ಷಿತರು ಅದೇ ದಿಬ್ಬವನ್ನು ಕ್ರಮವಾಗಿ ಅಗೆದು ನೋಡಿದರು. ಅಲ್ಲಿ ದೊರೆತ ಗ್ರೀಕರ ಸಮುದ್ರದೇವತೆಯ ಅಂಗೈಯಗಲದ ಕಂಚಿನ ಮೂರ್ತಿಯನ್ನು ಟೌನ್ ಹಾಲಿನ ವಸ್ತುಸಂಗ್ರಹಾಲಯದಲ್ಲಿ ಕಂಡವರಿಗೆ, ಕಡಲಾಚೆಯ ದೇಶದೊಡನೆ ಈ ಊರಿನ ವ್ಯವಹಾರ ಎಷ್ಟು ಹಳೆಯದೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಶಿಲಾಹಾರರ ಕಾಲಕ್ಕೆ ಬಂದರೆ ಇದೇ ಕೊಲ್ಹಾಪುರದ ಶಿಲಾಶಾಸನಗಳು ಕನ್ನಡದಲ್ಲಿ ಮಾತನಾಡುತ್ತವೆ; ಗಂಡರಾದಿತ್ಯನ ಸಾಮಂತನಾದ ನಿಂಬದೇವರಸನು ಕಟ್ಟಿಸಿದ ರೂಪನಾರಾಯಣ ಬಸದಿಯ ವೃತ್ತಾಂತ ನಮಗೆ ತಿಳಿದಿರುವುದು ಅಂತಹ ಕಲ್ಲುಗಳಿಂದಲೇ. ರಾಜಾರಾಮ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಕೆ. ಜಿ. ಕುಂದಣಗಾರರು ಈ ಶಾಸನಗಳನ್ನು ಹುಡುಕಿ, ಓದಿ, 1939ರಲ್ಲಿ ಗ್ರಂಥರೂಪಕ್ಕೆ ತಂದರು. ಕನ್ನಡದ ಕಲ್ಲುಗಳನ್ನು ಗುಡಿಯ ಗೋಡೆಗಳಲ್ಲಿ ಅರಸುತ್ತ ಅಲೆದ ಆ ಮಹನೀಯರನ್ನು ನೆನೆಯದೆ ಈ ನಾಡಿನಲ್ಲಿ ಯಾವ ಸಂಗ್ರಾಹಕನೂ ತನ್ನ ಪೆಟ್ಟಿಗೆಯನ್ನು ತೆರೆಯಬಾರದೆಂಬುದು ನನ್ನ ಭಾವನೆ.

ವಿದೇಶದ ಹಣವನ್ನು ಸಂಗ್ರಹಿಸುವುದರಲ್ಲಿ ನಮ್ಮ ಹೆಂಗಸರು ಗಂಡಸರಿಗಿಂತ ಮುಂದಿದ್ದರೆಂಬುದನ್ನೂ ಇಲ್ಲಿ ಹೇಳಬೇಕು. ಕೊಲ್ಹಾಪುರದ ಗುಜರಿ ಎಂಬ ಚಿನಿವಾರ ಪೇಟೆಯಲ್ಲಿ ಇಂದಿಗೂ ಮಾಡುವ ಪುತಳಿ ಸರದ ಮೂಲ ವೆನಿಸ್ ನಗರದ ಚಿನ್ನದ ನಾಣ್ಯ. ಅದರ ಮೇಲಿದ್ದ ನಿಂತ ಮನುಷ್ಯನ ಆಕೃತಿಯನ್ನು ಗೊಂಬೆಯೆಂದು ಬಗೆದು ನಮ್ಮವರು ಪುತಳಿ ಎಂದರು. ಯಾವುದೋ ಯೂರೋಪಿನ ಅಧಿಪತಿಯ ಮುದ್ರೆಯನ್ನು ಮುತ್ತೈದೆಯರು ಎದೆಯ ಮೇಲೆ ಧರಿಸಿದರು. ಬೆಲೆಯನ್ನು ಬಲ್ಲವರಿಗೆ ದೊರೆಯ ಹೆಸರಿನ ಗೊಡವೆ ಇರಲಿಲ್ಲ. ಕವಡೆಯ ಕಥೆಯೂ ಹೀಗೆಯೇ. ಕವಡೆಕಾಸಿನ ಬೆಲೆಯಿಲ್ಲವೆಂದು ನಾವು ಜರೆಯುವ ಆ ಚಿಪ್ಪು ಮಾಲ್ಡೀವ್ಸ್ ದ್ವೀಪಗಳಿಂದ ಹೊರಟು ಬಂಗಾಳದಲ್ಲಿಯೂ ಪಶ್ಚಿಮ ಆಫ್ರಿಕದಲ್ಲಿಯೂ ಶತಮಾನಗಳ ಕಾಲ ಹಣವಾಗಿ ನಡೆಯಿತು; ಘಾನಾ ದೇಶವು 1965ರಲ್ಲಿ ತನ್ನ ಹಣಕ್ಕಿಟ್ಟ ‘ಸೀಡಿ’ ಎಂಬ ಹೆಸರಿಗೆ ಅಲ್ಲಿನ ನುಡಿಯಲ್ಲಿ ಕವಡೆಯೆಂದೇ ಅರ್ಥ.

ಭಾರತದ ರೂಪಾಯಿ ಆಫ್ರಿಕದ ನೆಲದಲ್ಲಿ ಹೇಗೆ ಬೇರೂರಿತು ಎಂಬುದನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ಮಾರಿಷಸ್‌ನಲ್ಲಿ ಫ್ರೆಂಚರ ಆಳಿಕೆಯಿದ್ದಾಗ, 1735ರಲ್ಲಿ ಗವರ್ನರನಾಗಿ ಬಂದ ಲಾ ಬೂರ್ದೊನೆ ಎಂಬಾತನು ಪೋರ್ಟ್ ಲೂಯಿ ಬಂದರನ್ನು ಕಟ್ಟುವುದಕ್ಕಾಗಿ ಪಾಂಡಿಚೇರಿಯ ಕಡೆಯಿಂದ ಕುಶಲಕರ್ಮಿಗಳನ್ನು ಕರೆಸಿಕೊಂಡನು. ಕಲ್ಲುಕುಟಿಗರು, ಬಡಗಿಗಳು, ಕಮ್ಮಾರರು, ತಮಿಳು ಮಾತಿನವರು. ಆ ದ್ವೀಪಕ್ಕೆ ಭಾರತದಿಂದ ಹೋದವರಲ್ಲಿ ಹೀಗೆ ಅವರು ಮೊದಲಿಗರ ಸಾಲಿಗೆ ಸೇರಿದರು. ದ್ವೀಪವು ಬ್ರಿಟಿಷರ ಕೈಸೇರಿ, ಗುಲಾಮಗಿರಿಯ ನಿಷೇಧವು ಸಮೀಪಿಸಿದಾಗ, ಕಬ್ಬಿನ ತೋಟಗಳಿಗೆ ಆಳುಗಳ ಕೊರತೆಯಾಯಿತು. 1834ರ ನವೆಂಬರ್ 2ರಂದು ‘ಅಟ್ಲಾಸ್’ ಎಂಬ ಹಡಗು ಕಲ್ಕತ್ತೆಯಿಂದ 36 ಮಂದಿ ಕರಾರು ಕೂಲಿಗಳನ್ನು ತಂದು ಅಲ್ಲಿಳಿಸಿತು. ಐದು ವರ್ಷಗಳ ಕರಾರು, ತಿಂಗಳಿಗೆ 5 ರೂಪಾಯಿ ಕೂಲಿ. ಅಲ್ಲಿಂದ ಮುಂದೆ 1920ರ ಒಳಗಾಗಿ ಸುಮಾರು 5 ಲಕ್ಷ ಜನ ಆ ಬಂದರಿನ ಕಲ್ಲುಮೆಟ್ಟಿಲುಗಳನ್ನು ಹತ್ತಿಹೋದರು. ಈಗ ಆಪ್ರವಾಸಿ ಘಾಟ್ ಎಂದು ಕರೆಯಲ್ಪಡುವ ಆ ಸ್ಥಳದಲ್ಲಿ ಆ ಮೆಟ್ಟಿಲುಗಳು ಇಂದಿಗೂ ಉಳಿದಿವೆ. 2006ರಲ್ಲಿ ಅದು ವಿಶ್ವಪರಂಪರೆಯ ತಾಣವೆಂದು ಮಾನ್ಯತೆ ಪಡೆಯಿತು. ಕೂಲಿಯವರ ಸೊಂಟದ ಚೀಲದಲ್ಲಿ ಹೋದ ರೂಪಾಯಿ, ಅಕ್ಕಿಬೇಳೆಯ ವ್ಯಾಪಾರದಲ್ಲಿ ಹೋದ ರೂಪಾಯಿ, ಇವೆರಡೂ ಕೂಡಿ ಅಲ್ಲಿನ ಪೌಂಡು ಡಾಲರುಗಳನ್ನು ಪೇಟೆಯಿಂದ ಹಿಂದಕ್ಕೆ ಸರಿಸಿದುವು. ಕಡೆಗೆ 1876ರಲ್ಲಿ ಸರಕಾರವೇ ರೂಪಾಯಿಯನ್ನು ದ್ವೀಪದ ಅಧಿಕೃತ ಹಣವೆಂದು ಒಪ್ಪಿ, 5, 10, 50 ರೂಪಾಯಿಗಳ ನೋಟುಗಳನ್ನು ಹೊರಡಿಸಿತು. ನಮ್ಮಲ್ಲಿ ಆಣೆ ಪೈಗಳ ಲೆಕ್ಕ ನಡೆಯುತ್ತಿದ್ದ ಆ ಕಾಲದಲ್ಲಿ ಅಲ್ಲಿನ ರೂಪಾಯಿಗೆ ನೂರು ಸೆಂಟುಗಳ ದಶಮಾಂಶ ಪದ್ಧತಿ ಬಂದದ್ದು ಗಮನಿಸಬೇಕಾದ ಮಾತು. ನಾವು ಆ ಪದ್ಧತಿಗೆ ಬಂದದ್ದು 1957ರಲ್ಲಿ.

ಪೂರ್ವ ಆಫ್ರಿಕದ ನೆಲದ ಮೇಲೂ ರೂಪಾಯಿಯೇ ನಡೆಯುತ್ತಿತ್ತು. 1896ರಿಂದ ಮೊಂಬಾಸದಿಂದ ಒಳನಾಡಿಗೆ ರೈಲು ಹಾದಿ ಹಾಕಿದ ಭಾರತೀಯ ಕೂಲಿಗಳಿಗೆ ರೂಪಾಯಿಯಲ್ಲಿ ಬಟವಾಡೆಯಾಯಿತು. ಜರ್ಮನರು ತಮ್ಮ ವಸಾಹತಿನಲ್ಲಿ ‘ರುಪಿ’ ಎಂದೇ ಹಣವನ್ನು ಕರೆದರು. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಬೆಳ್ಳಿಯ ಧಾರಣೆ ಏರಿ, ಪೌಂಡಿಗೆ ಹದಿನೈದು ರೂಪಾಯಿಯೆಂಬ ಹಳೆಯ ಲೆಕ್ಕ ಕೆಟ್ಟು, ಪೌಂಡಿನ ಸಾಲಗಳುಳ್ಳ ಬಿಳಿಯ ರೈತರು ಕಳವಳಗೊಂಡಾಗ, ಅಲ್ಲಿ ರೂಪಾಯಿಯ ಬದಲಿಗೆ 1920ರಲ್ಲಿ ಫ್ಲಾರಿನ್, ಅದರ ಬೆನ್ನಿಗೇ ಶಿಲ್ಲಿಂಗ್ ಬಂದುವು. ಝಾಂಜಿಬಾರ್ ಮಾತ್ರ 1936ರವರೆಗೆ ರೂಪಾಯಿಯನ್ನು ಬಿಡಲಿಲ್ಲ. ರೂಪಾಯಿ ಹೋದರೂ ಪೂರ್ವ ಆಫ್ರಿಕದ ಕರೆನ್ಸಿ ಮಂಡಳಿಯ ನೋಟುಗಳಲ್ಲಿ ಅರಬಿಯ ಜೊತೆಗೆ ಗುಜರಾತಿ ಅಕ್ಷರ ಬಹುಕಾಲ ಉಳಿದಿತ್ತು, ಏಕೆಂದರೆ ಹಳ್ಳಿಹಳ್ಳಿಯ ಅಂಗಡಿಕಾರ ಗುಜರಾತಿಯವನಾಗಿದ್ದನು. 1966ರಲ್ಲಿ ಕೆನ್ಯಾ, ಉಗಾಂಡ, ತಾಂಜಾನಿಯಗಳು ತಮ್ಮ ತಮ್ಮ ಬ್ಯಾಂಕುಗಳ ನೋಟುಗಳನ್ನು ಹೊರತಂದಾಗ ಗುಜರಾತಿ ಅಲ್ಲಿಂದ ಮರೆಯಾಯಿತು. ಅಂಗಡಿಕಾರನ ಭಾಷೆ ಹೋಯಿತು. ಮಾರಿಷಸ್‌ನಲ್ಲಿ ಕಬ್ಬು ಕಡಿದವನ ಭಾಷೆ, ಕಲ್ಲು ಕಟೆದವನ ಭಾಷೆ ನೋಟಿನ ಮೇಲೆ ನಿಂತಿತು. ಈ ಎರಡರ ಅಂತರವನ್ನು ಯೋಚಿಸಿದಷ್ಟೂ ಆ ಸಣ್ಣ ದ್ವೀಪದ ಮೇಲಿನ ನನ್ನ ಮಮತೆ ಹೆಚ್ಚುತ್ತಲೇ ಬಂದಿದೆ.

ನಮ್ಮ ಕಡೆ ಆಫ್ರಿಕದ ನೋಟು ಎಂದೊಡನೆ ಜನ ಕೇಳುವುದು ಜಿಂಬಾಬ್ವೆಯದನ್ನು. 2009ರ ಜನವರಿಯಲ್ಲಿ ಹೊರಟ, ಒಂದರ ಮುಂದೆ ಹದಿನಾಲ್ಕು ಸೊನ್ನೆಗಳುಳ್ಳ, ನಮ್ಮ ಲೆಕ್ಕದಲ್ಲಿ ಕೋಟಿಗೆ ಕೋಟಿಯಷ್ಟಾಗುವ ಆ ಡಾಲರ್ ನೋಟನ್ನು ಮದುವೆಮನೆಗಳಲ್ಲಿ ಕೈಯಿಂದ ಕೈಗೆ ಕೊಟ್ಟು ಬೆರಗಾಗುತ್ತಾರೆ. ಮರುತಿಂಗಳೇ ಹನ್ನೆರಡು ಸೊನ್ನೆಗಳನ್ನು ತೆಗೆದುಹಾಕಬೇಕಾಯಿತು. ಒಂದು ಜನಾಂಗದ ಉಳಿತಾಯವೆಲ್ಲ ಬೂದಿಯಾದುದರ ಸಾಕ್ಷ್ಯಪತ್ರವದು; ಅದನ್ನು ಮೋಜಿನ ವಸ್ತುವಾಗಿ ಇಟ್ಟುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಮಾರಿಷಸ್ ಬ್ಯಾಂಕು ತನ್ನ ಮೊದಲ ನೋಟುಗಳನ್ನು ಹೊರಡಿಸಿದುದು 1967ರಲ್ಲಿ, ದೇಶವು ಸ್ವತಂತ್ರವಾಗುವುದಕ್ಕೆ ಒಂದು ವರ್ಷ ಮೊದಲು. 5, 10, 25, 50 ರೂಪಾಯಿಗಳ ಆ ನಾಲ್ಕರಲ್ಲಿಯೂ ಎಲಿಜಬೆತ್ ರಾಣಿಯ ಚಿತ್ರ. ಇಪ್ಪತ್ತೈದರ ಹಸಿರು ನೋಟಿನಲ್ಲಿ ರಾಣಿಯ ಜೊತೆಗೆ ಒಂದು ಎತ್ತಿನ ಗಾಡಿಯನ್ನೂ ಕೊರೆದಿದ್ದಾರೆ. ಕಬ್ಬಿನ ಸುಗ್ಗಿಯಲ್ಲಿ ಹಿರಣ್ಯಕೇಶಿಯ ಸೇತುವೆಯ ಮೇಲೆ ಸಾಲುಗಟ್ಟಿ ನಿಂತ ಗಾಡಿಗಳನ್ನು ಕಂಡವನಿಗೆ ಆ ಚಿತ್ರದೊಳಗಿನ ಧೂಳಿನ ವಾಸನೆಯೂ ತಿಳಿಯುತ್ತದೆ. 1968ರ ಮಾರ್ಚ್ 12ರಂದು ಸ್ವಾತಂತ್ರ್ಯ ಬಂದರೂ ರಾಣಿಯ ನೋಟುಗಳು 1985ರ ಹೊಸ ಮಾಲೆಯವರೆಗೆ ನಡೆದುವು.

ನನ್ನ ಸಂಗ್ರಹದ ಹೃದಯವೆಂದರೆ ಅದಾದ ಮೇಲಿನ ಪ್ರಕರಣ. 1998ರ ನವೆಂಬರಿನಲ್ಲಿ ಬ್ಯಾಂಕು 25ರಿಂದ 2000 ರೂಪಾಯಿಗಳವರೆಗಿನ ಏಳು ಹೊಸ ನೋಟುಗಳನ್ನು ಒಂದೇ ಸಲಕ್ಕೆ ಚಲಾವಣೆಗೆ ಬಿಟ್ಟಿತು. ಅವುಗಳ ಮೇಲೆ ನಾಡನ್ನು ಕಟ್ಟಿದವರ ಮುಖಗಳು ಬಂದುವು. ಅವರಲ್ಲಿ, 25ರ ಮೇಲೆ ಚೀನಾ ಮೂಲದ ಆ-ಶುಯೆನ್ ಎಂಬವರು, 100ರ ಮೇಲೆ ತಮಿಳು ಮೂಲದ ರಂಗನಾಥನ್ ಶ್ರೀನಿವಾಸನ್ (ಅಲ್ಲಿ ಅದನ್ನು ರೆಂಗನಾದೆನ್ ಸೀನೀವಾಸೆನ್ ಎಂದು ಬರೆಯುತ್ತಾರೆ), 200ರ ಮೇಲೆ ಅಬ್ದುಲ್ ರಜಾಕ್ ಮಹಮ್ಮದ್, 500ರ ಮೇಲೆ ಸುಖದೇವ ವಿಷ್ಣುದಯಾಳ್, 1000ದ ಮೇಲೆ ಗೇಟಾನ್ ದುವಾಲ್, 2000ದ ಮೇಲೆ ಶಿವಸಾಗರ ರಾಮಗುಲಾಂ. ಭಾವಚಿತ್ರಗಳ ಹಂಚಿಕೆಯಲ್ಲಿ ಯಾವ ಸಮುದಾಯವನ್ನೂ ಬಿಡದಂತೆ ಇಷ್ಟು ಎಚ್ಚರ ವಹಿಸಿದವರ ಕೈಯಲ್ಲಿಯೇ ಒಂದು ಕಡೆ ತಪ್ಪಾಯಿತು. ಹಿಂದಿನ ನೋಟುಗಳಲ್ಲಿ ಇಂಗ್ಲಿಷಿನ ನಂತರ ತಮಿಳು, ತಮಿಳಿನ ನಂತರ ನಾಗರಿ ಎಂಬ ಕ್ರಮವಿದ್ದುದು ಈ ಹೊಸ ಮಾಲೆಯಲ್ಲಿ ಅದಲುಬದಲಾಗಿ, ನಾಗರಿ ಮೇಲೇರಿ ತಮಿಳು ಕೆಳಗಿಳಿದಿತ್ತು.

ಹೊರಗಿನವರಿಗೆ ಇದೊಂದು ಕ್ಷುಲ್ಲಕ ಸಂಗತಿಯಾಗಿ ತೋರಬಹುದು. ಬೆಲೆ ಬದಲಾಗಲಿಲ್ಲ, ಅಕ್ಷರ ಅಳಿಯಲಿಲ್ಲ, ಒಂದು ಸಾಲು ಒಂದು ಗೆರೆಯಷ್ಟು ಕೆಳಗಾಯಿತು, ಅಷ್ಟೇ. ಆದರೆ ದ್ವೀಪದ ತಮಿಳರಿಗೆ ಆ ಗೆರೆಯು ಒಂದು ಶತಮಾನದ ಗೆರೆಯಾಗಿತ್ತು. ‘ಅಟ್ಲಾಸ್’ ಬರುವುದಕ್ಕೆ ನೂರು ವರ್ಷ ಮೊದಲೇ ತಮ್ಮ ಹಿರಿಯರು ಬಂದರಿನ ಕಲ್ಲುಗಳನ್ನು ಹೊತ್ತಿದ್ದರು. ಬಂದವರ ಸರದಿಯಲ್ಲಿಯೇ ಅಕ್ಷರಗಳ ಸರದಿಯೂ ನಿಂತಿದೆಯೆಂದು ಅವರು ನಂಬಿದ್ದರು. ಪ್ರತಿಭಟನೆ ಬೀದಿಗೆ ಬಂತು. 1999ರ ಜೂನ್ ತಿಂಗಳಿನಲ್ಲಿ ಬ್ಯಾಂಕು ಆ ಮಾಲೆಯನ್ನು ಹಿಂದಕ್ಕೆ ಪಡೆದು, ಅದೇ ಮುಖಗಳು, ಅದೇ ಬೆಲೆಗಳು, ಆದರೆ ಅಕ್ಷರಗಳ ಹಳೆಯ ಕ್ರಮವುಳ್ಳ ಬೇರೆ ಮಾಲೆಯನ್ನು ಹೊರತಂದಿತು. ಒಂದು ಸರಕಾರವು ತನ್ನ ಹಣದ ಮೇಲಿನ ಎರಡು ಸಾಲುಗಳನ್ನು ಹಿಂದುಮುಂದು ಮಾಡುವುದಕ್ಕಾಗಿ ಏಳು ಬಗೆಯ ನೋಟುಗಳನ್ನು ತಿರುಗಿ ಅಚ್ಚುಹಾಕಿಸಿದ ಉದಾಹರಣೆ ಅಪರೂಪ. ಹಾಗೆ ಮಾಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ನಮ್ಮ ನೋಟುಗಳಲ್ಲಿ ಇಂದು ಹದಿನೈದು ಭಾಷೆಗಳು ಇಂಗ್ಲಿಷ್ ಅಕಾರಾದಿಯಲ್ಲಿ ನಿಂತು, ಕನ್ನಡ ನಾಲ್ಕನೆಯದಾಗಿಯೂ ಮರಾಠಿ ಎಂಟನೆಯದಾಗಿಯೂ ಇರುವುದು ಯಾರ ಹಿರಿಮೆ ಕಿರಿಮೆಗಳನ್ನೂ ಹೇಳುವುದಿಲ್ಲ. ಅಕಾರಾದಿಯ ಆಶ್ರಯ ಆ ಮಟ್ಟಿಗೆ ದೊಡ್ಡದು. ಮಾರಿಷಸ್‌ನವರಿಗೆ ಆಗಮನದ ಚರಿತ್ರೆಯೇ ಅಕಾರಾದಿಯಾಗಿತ್ತು. ಆದರೂ ಮನಸ್ಸಿಗೆ ತಟ್ಟುವ ಇನ್ನೊಂದು ಸಂಗತಿಯುಂಟು. ತೆಲುಗರೂ ಆ ದ್ವೀಪಕ್ಕೆ ಹೋದರು, ಅವರ ಅಕ್ಷರ ನೋಟಿನ ಮೇಲಿಲ್ಲ. ದ್ವೀಪದವರಲ್ಲಿ ಬಹುಪಾಲು ಜನ ಮನೆಯಲ್ಲಿಯೂ ಬೀದಿಯಲ್ಲಿಯೂ ಆಡುವ ಕ್ರಿಯೋಲ್ ನುಡಿಯೂ ಇಲ್ಲ. ಮನೆಮಾತಿಗೂ ಅಚ್ಚಿನ ಮಾತಿಗೂ ನಡುವಿನ ಆ ಅಗಲವನ್ನು ಗಡಹಿಂಗ್ಲಜದವನಿಗೆ ಯಾರೂ ವಿವರಿಸಬೇಕಾಗಿಲ್ಲ.

ಹಿಂದಕ್ಕೆ ಪಡೆದ 1998ರ ಮಾಲೆಯ ಇಪ್ಪತ್ತೈದರ ನೋಟಿಗಾಗಿ ನಾನು ವರ್ಷಗಟ್ಟಲೆ ಕಾದೆ. ಕಡೆಗೆ ಕೊಲ್ಹಾಪುರದಲ್ಲಿ, ಹಳೆಯ ನಾಣ್ಯ ನೋಟುಗಳನ್ನು ಮಾರುವ ವೃದ್ಧರೊಬ್ಬರ ತಗಡಿನ ಡಬ್ಬಿಯಲ್ಲಿ, ಗರಿಗರಿಯಾಗಿ, ಒಂದೇ ಒಂದು ಮಡಿಕೆಯೂ ಇಲ್ಲದೆ ಅದು ದೊರೆಯಿತು. ಅದನ್ನು ತಂದು ಅಗ್ಗದ ಪ್ಲಾಸ್ಟಿಕ್ ಹಾಳೆಗಳ ಆಲ್ಬಮ್ಮಿನಲ್ಲಿ ಸೇರಿಸಿಟ್ಟದ್ದು ನನ್ನ ಅಪರಾಧ. ಎರಡು ಮಳೆಗಾಲ ಕಳೆದ ಮೇಲೆ ತೆರೆದು ನೋಡುತ್ತೇನೆ, ಹಾಳೆ ಬೆವತು ಅಂಟಾಗಿ, ನೋಟಿನ ಒಂದು ಮೂಲೆಯ ಮೇಲೆ ಎಣ್ಣೆಯಂತಹ ಕಲೆ ಹರಡಿತ್ತು. ಆ ದಿನ ಊಟ ಸೇರಲಿಲ್ಲ. ಗೋಂದು ಹಚ್ಚಬಾರದು, ಇಸ್ತ್ರಿ ಹಾಕಬಾರದು, ಪಿನ್ನು ಚುಚ್ಚಬಾರದು, ಬರಿಗೈಯ ಬೆವರು ತಾಗಬಾರದು ಎಂಬುದನ್ನೆಲ್ಲ ಬಲ್ಲವನು ಹಾಳೆಯ ಜಾತಿಯನ್ನು ವಿಚಾರಿಸದೆ ಹೋದೆ. ಈಗ ಎಲ್ಲವೂ ಮೈಲಾರ್ ಹಾಳೆಯ ಚೀಲಗಳಲ್ಲಿ, ಕತ್ತಲೆಯ ಪೆಟ್ಟಿಗೆಯಲ್ಲಿವೆ. 2013ರಿಂದ ಅಲ್ಲಿಯ 25, 50, 500ರ ನೋಟುಗಳು ಪಾಲಿಮರಿನಲ್ಲಿ ಬರುತ್ತಿರುವುದರಿಂದ ಮುಂದಿನ ಸಂಗ್ರಾಹಕರಿಗೆ ಈ ವ್ಯಥೆ ಇರಲಾರದು.

ಕಲೆ ಬಿದ್ದ ಆ ನೋಟನ್ನೂ, ಅದರ ಜೋಡಿಯಾದ 1999ರ ನೋಟನ್ನೂ ಒಮ್ಮೆ ಇಚಲಕರಂಜಿಗೆ ಒಯ್ದಿದ್ದೆ. 1904ರಲ್ಲಿ ಮೊದಲ ವಿದ್ಯುನ್ಮಗ್ಗ ಬಂದಾಗಿನಿಂದ ಹಗಲಿರುಳೆನ್ನದೆ ಸದ್ದುಮಾಡುತ್ತಿರುವ ಆ ಊರಿನಲ್ಲಿ ಕನ್ನಡ ಮನೆಮಾತಿನ ನೇಕಾರರು ಅನೇಕರಿದ್ದಾರೆ; ಅವರೊಳಗೊಬ್ಬ ಹಿರಿಯರು ನನಗೆ ದೂರದ ಸಂಬಂಧದಲ್ಲಿ ಕಾಕಾ ಆಗಬೇಕು. ಬಟ್ಟೆಯ ಅಂಗುಲಕ್ಕೆ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಎಂದು ಎಣಿಸುವುದಕ್ಕೆ ಇಟ್ಟುಕೊಂಡ, ಮಡಚಿ ಜೇಬಿನಲ್ಲಿಡುವ ಹಿತ್ತಾಳೆಯ ಭೂತಗನ್ನಡಿಯನ್ನು ಅವರು ಮೊದಲು ಒಂದು ನೋಟಿನ ಮೇಲೂ ಆಮೇಲೆ ಇನ್ನೊಂದರ ಮೇಲೂ ಇಟ್ಟು, ಮಗ್ಗಗಳ ಸದ್ದಿನ ನಡುವೆ ಬಹಳ ಹೊತ್ತು ಬಾಗಿ ನೋಡಿದರು. ಹಿನ್ನೆಲೆಯಲ್ಲಿ ಕೂದಲೆಳೆಗಿಂತ ಸಣ್ಣ ಗೆರೆಗಳು ಒಂದನ್ನೊಂದು ಹಾಯ್ದು ಹೋಗಿರುವುದನ್ನು ಕಂಡು, “ಇದೂ ನೇಯ್ಗಿನs ಐತಿ” ಎಂದರು. ತಮಿಳು ಅಂಕಿಗಳನ್ನು ತೋರಿಸಿದೆ. ತಮಿಳುನಾಡಿನ ಪೇಟೆಯಲ್ಲಿಯೂ ಇಂದು ಕಾಣದ ಆ ಅಂಕಿಗಳು ಕಡಲಾಚೆಯ ಹಣದ ಮೇಲೆ ಉಳಿದಿರುವುದನ್ನು ಹೇಳಿದೆ. ಎರಡು ಸಾಲುಗಳು ಮೇಲೆ ಕೆಳಗೆ ಆದ ಕಥೆಯನ್ನೂ, ಜನ ಎದ್ದುನಿಂತುದನ್ನೂ, ನೋಟು ಹಿಂದಕ್ಕೆ ಹೋದುದನ್ನೂ ಹೇಳಿದೆ. ಅವರು ತಲೆಯೆತ್ತಲಿಲ್ಲ.

“ಅವರದು ಅಲ್ಲಿ ಐತಿ. ನಮ್ಮದು ಎಲ್ಲೆ ಐತಿ, ತಮ್ಮಾ?”

ನಾನು ಉತ್ತರ ಕೊಡುವುದರೊಳಗೆ ಕಾಕಾ ಅಂಗಿಯ ಒಳಜೇಬಿನಿಂದ ಮಡಿಕೆಬಿದ್ದ ನೂರು ರೂಪಾಯಿಯೊಂದನ್ನು ತೆಗೆದು, ಮೊಣಕಾಲಿನ ಮೇಲೆ ಅಂಗೈಯಿಂದ ತೀಡಿ ಸಮಮಾಡಿ, ಭಾಷಾಪಟ್ಟಿಯ ಮೇಲೆ ಕನ್ನಡಿಯನ್ನು ಇಟ್ಟು, ಅಸ್ಸಾಮಿ, ಬಂಗಾಳಿ, ಗುಜರಾತಿಗಳನ್ನು ಒಂದೊಂದಾಗಿ ದಾಟಿಸುತ್ತ ಕೆಳಗಿಳಿದು ನಾಲ್ಕನೆಯ ಸಾಲಿನಲ್ಲಿ ನಿಲ್ಲಿಸಿದರು.